ಟರ್ನ್ ಅಪ್, ಶೋ ಅಪ್, ಗೆಟ್ ಇನ್: ಬಂದದ್ದನ್ನು ಇಂಗ್ಲಿಷಿನಲ್ಲಿ ಹೇಳುವಾಗ ಯಾವುದನ್ನು ಆರಿಸಬೇಕು?

ಗೋಕರ್ಣ, ಮುರ್ಡೇಶ್ವರದ ಕಡೆ ಹೋಮ್‌ಸ್ಟೇ ನಡೆಸುವವರಿಗೆ ಹೊರದೇಶದ ಅತಿಥಿಗಳಿಂದ ಇಂಥ ಮೆಸೇಜು ಬರುವುದುಂಟು: "ಅವರ್ ಟ್ರೇನ್ ಗೆಟ್ಸ್ ಇನ್ ಅಟ್ ಸಿಕ್ಸ್. ವಿ ಶುಡ್ ಗೆಟ್ ಟು ಯು ಬೈ ಸೆವೆನ್. ಡೋಂಟ್ ವರಿ ಇಫ್ ವಿ ಟರ್ನ್ ಅಪ್ ಎ ಬಿಟ್ ಲೇಟ್." ಮೂರು ವಾಕ್ಯ. ಮೂರರಲ್ಲೂ ಬರುವ ಸುದ್ದಿಯೇ. ಆದರೆ ಮೂರು ಕಡೆ ಮೂರು ಬೇರೆ ಮಾತು ಹಾಕಿದ್ದಾರೆ. ನಾವಾದರೆ "ಆರಕ್ಕೆ ಟ್ರೇನ್ ಬರ್ತದೆ, ಏಳರೊಳಗೆ ನಿಮ್ಮಲ್ಲಿಗೆ ಬರ್ತೇವೆ, ಸ್ವಲ್ಪ ತಡವಾಗಿ ಬಂದ್ರೂ ಗಾಬರಿ ಬೇಡ" ಅಂತ ಒಂದೇ ಕ್ರಿಯಾಪದದಲ್ಲಿ ಮುಗಿಸುತ್ತಿದ್ದೆವು.

ಶಾಲೆಯಲ್ಲಿ ನಮಗೆ ಹೇಳಿಕೊಟ್ಟದ್ದು ಕಮ್, ರೀಚ್, ಅರೈವ್. ಅಷ್ಟರಲ್ಲೇ ಜೀವನ ಸಾಗುತ್ತದೆ, ಸುಳ್ಳಲ್ಲ. ಆದರೆ ಎದುರಿನವರು ಬಳಸುವುದು ಬೇರೆಯದೇ. ಕಾಲ್ ಸೆಂಟರ್ ಕೆಲಸಕ್ಕೆ ಬೆಂಗಳೂರಿಗೆ ಹೋದ ಹುಡುಗರಿಗೆ, ಪ್ರವಾಸಿಗರ ಜೊತೆ ವ್ಯವಹಾರ ಮಾಡುವ ಟ್ಯಾಕ್ಸಿಯವರಿಗೆ, ಐಇಎಲ್‌ಟಿಎಸ್ ಅನ್ನುವ ಇಂಗ್ಲಿಷ್ ಪರೀಕ್ಷೆ ಬರೆಯುವ ಮಕ್ಕಳಿಗೆ ಇದು ದಿನಾ ಎದುರಾಗುವ ವಿಷಯ. ಎರಡು ಸಣ್ಣ ಪದ ಸೇರಿ ಮೂರನೇ ಅರ್ಥ ಕೊಡುವ ಈ ಜೋಡಿಗಳಿಗೆ ಇಂಗ್ಲಿಷಿನಲ್ಲಿ ಫ್ರೇಸಲ್ ವರ್ಬ್ ಅನ್ನುತ್ತಾರೆ. ಟರ್ನ್ ಅಂದರೆ ತಿರುಗು, ಅಪ್ ಅಂದರೆ ಮೇಲೆ. ಎರಡನ್ನೂ ಕೂಡಿಸಿದರೆ 'ಬಂದು ಕಾಣಿಸಿಕೊಳ್ಳು' ಹೇಗಾಯಿತು ಅಂತ ತಲೆ ಕೆಡಿಸಿಕೊಂಡು ಪ್ರಯೋಜನ ಇಲ್ಲ. ಅದನ್ನು ಇಡಿಯಾಗಿಯೇ ನುಂಗಬೇಕು.

ಯಾವುದನ್ನು ಎಲ್ಲಿ ಹಾಕಬೇಕು ಅನ್ನುವುದಕ್ಕೆ ಒಂದು ಪ್ರಶ್ನೆ ಕೇಳಿಕೊಂಡರೆ ಮುಕ್ಕಾಲು ಪಾಲು ಕೆಲಸ ಆಗುತ್ತದೆ. ಬಂದವರನ್ನು ಯಾರಾದರೂ ಕಾಯುತ್ತಿದ್ದರಾ? ಕಾಯುತ್ತಿದ್ದರೆ, ಬಂದೇ ಬರುತ್ತಾರೆ ಅಂತ ಖಾತ್ರಿ ಇತ್ತಾ? ಅಷ್ಟೇ. ಬಂದವನ ಕಾಲಿಗಿಂತ ಕಾಯುವವನ ಮನಸ್ಸೇ ಇಲ್ಲಿ ಮುಖ್ಯ.

ಇದು ನಮಗೆ ಹೊಸದೇನಲ್ಲ. 'ಬಂದ' ಬೇರೆ, 'ಬಂದುಬಿಟ್ಟ' ಬೇರೆ, 'ಬರಲಿಲ್ಲ' ಬೇರೆ, 'ಬರಲೇ ಇಲ್ಲ' ಬೇರೆ. ಒಂಬತ್ತಕ್ಕೆ ಬರಬೇಕಿದ್ದವನು ಹನ್ನೊಂದಕ್ಕೆ ಬಂದರೆ "ಈಗ ದಯಮಾಡಿಸಿದ್ರಾ?" ಅನ್ನುತ್ತೇವೆ. ಕರೆಯದೆ ಬಂದು ವಾರ ಕೂತವನನ್ನು "ಬಂದು ಒಕ್ಕರಿಸಿದ" ಅನ್ನುತ್ತೇವೆ, ಅವನ ಬೆನ್ನ ಹಿಂದೆ. ನಾವು ಕ್ರಿಯಾಪದಕ್ಕೆ ಬಾಲ ಅಂಟಿಸಿ ಮಾಡುವ ಕೆಲಸವನ್ನು ಅವರು ಅಪ್, ಇನ್, ಬೈ ಅನ್ನುವ ಪುಟಾಣಿ ಪದಗಳಿಂದ ಮಾಡಿಸುತ್ತಾರೆ.

ಮೊದಲು ಹಳೆಯ ಮೂವರು

ರೀಚ್, ಅರೈವ್, ಗೆಟ್ ಟು. ಇವು ಬರೀ ಮುಟ್ಟಿದ ಸುದ್ದಿ ಹೇಳುತ್ತವೆ. ಕಾಯುವವರ ಬಗ್ಗೆ ಏನೂ ಹೇಳುವುದಿಲ್ಲ.

ರೀಚ್ ಆದ ಮೇಲೆ ಊರಿನ ಹೆಸರು ನೇರವಾಗಿ ಬರಬೇಕು. "ಐ ರೀಚ್ಡ್ ಕಾರವಾರ್" ಸರಿ. "ಐ ರೀಚ್ಡ್ ಟು ಕಾರವಾರ್" ತಪ್ಪು. ಕನ್ನಡದ 'ಕಾರವಾರಕ್ಕೆ'ಯ 'ಕ್ಕೆ' ನಮ್ಮನ್ನು ಎಳೆದುಕೊಂಡು ಹೋಗಿ ಟು ಹಾಕಿಸುತ್ತದೆ. ಇನ್ನೊಂದು ಸೂಕ್ಷ್ಮ ಇದೆ. "ಮುಟ್ಟಿದ ಮೇಲೆ ಫೋನ್ ಮಾಡು" ಅಂತ ನಮ್ಮಲ್ಲಿ ಪ್ರತಿ ತಾಯಿಯೂ ಹೇಳುತ್ತಾಳೆ. ಅದನ್ನೇ ನಾವು "ಕಾಲ್ ಮಿ ಆಫ್ಟರ್ ಯು ರೀಚ್", "ಹ್ಯಾವ್ ಯು ರೀಚ್ಡ್?" ಅನ್ನುತ್ತೇವೆ. ಭಾರತದೊಳಗೆ ಇದು ಎಲ್ಲರಿಗೂ ಅರ್ಥವಾಗುತ್ತದೆ, ಯಾರೂ ಹುಬ್ಬು ಏರಿಸುವುದಿಲ್ಲ. ಆದರೆ ಇಂಗ್ಲೆಂಡಿನವರ ಕಿವಿಗೆ ವಾಕ್ಯ ಅರ್ಧಕ್ಕೆ ನಿಂತ ಹಾಗೆ ಕೇಳುತ್ತದೆ. ಏನನ್ನು ಮುಟ್ಟಿದಿರಿ ಅಂತ ಅವರು ಕಾಯುತ್ತಾರೆ. ಅವರ ಹತ್ತಿರ "ಡಿಡ್ ಯು ಗೆಟ್ ದೇರ್ ಓಕೆ?" ಅಂದರೆ ಸಹಜ.

ಅರೈವ್ ಸ್ವಲ್ಪ ಇಸ್ತ್ರಿ ಹಾಕಿದ ಮಾತು. ಸ್ಟೇಷನ್ನಿನ ಅನೌನ್ಸ್‌ಮೆಂಟಿನಲ್ಲಿ, ಪತ್ರದಲ್ಲಿ, ಪತ್ರಿಕಾ ವರದಿಯಲ್ಲಿ ಅದಕ್ಕೆ ಜಾಗ. ದೊಡ್ಡ ಊರಿಗೆ, ದೇಶಕ್ಕೆ "ಅರೈವ್ ಇನ್", ಒಂದು ನಿರ್ದಿಷ್ಟ ಜಾಗಕ್ಕೆ "ಅರೈವ್ ಅಟ್". ಅಂದರೆ "ಅರೈವ್ಡ್ ಇನ್ ಕಾರವಾರ್", ಆದರೆ "ಅರೈವ್ಡ್ ಅಟ್ ಕಾರವಾರ್ ಸ್ಟೇಷನ್". ಅರೈವ್ ಟು ಅನ್ನುವುದು ಇಲ್ಲವೇ ಇಲ್ಲ. ಹೋಮ್, ಹಿಯರ್, ದೇರ್ ಬಂದಾಗ ಮಾತ್ರ ಏನೂ ಬೇಡ: "ಅರೈವ್ಡ್ ಹೋಮ್". ಜಿಲ್ಲಾ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಜೊತೆ ಇರಲು ರವೀಂದ್ರನಾಥ ಟಾಗೋರರು ಕಾರವಾರಕ್ಕೆ ಬಂದಿದ್ದರು ಅಂತ ಶಾಲಾ ಮಗು ಪ್ರಬಂಧ ಬರೆಯುತ್ತದೆ ಅನ್ನಿ. ಅಲ್ಲಿ ಅರೈವ್ಡ್ ಅಂತಲೇ ಬರೆಯಬೇಕು. ಟರ್ನ್ಡ್ ಅಪ್ ಅಂತ ಬರೆದರೆ ಕವಿಗಳು ಹೇಳದೆ ಕೇಳದೆ ಅಣ್ಣನ ಮನೆ ಬಾಗಿಲು ತಟ್ಟಿದರು ಅನ್ನುವ ಹಾಗಾಗುತ್ತದೆ.

ಗೆಟ್ ಟು ಇವೆರಡಕ್ಕಿಂತ ಬಳಕೆಯ ಮಾತು. "ಐ ಗಾಟ್ ಟು ಸಿರ್ಸಿ ಅಟ್ ನೈನ್." ಹೋಮ್, ಹಿಯರ್, ದೇರ್ ಬಂದಾಗ ಟು ಬಿದ್ದುಹೋಗುತ್ತದೆ: "ಗಾಟ್ ಹೋಮ್", "ಗಾಟ್ ದೇರ್". ಕಲಿಯುವವರು ಒಂದನ್ನೇ ಬಾಯಿಪಾಠ ಮಾಡುವುದಾದರೆ ಇದನ್ನೇ ಮಾಡಿ ಅಂತ ನನ್ನ ಸಲಹೆ. ಎಲ್ಲಾ ಕಡೆ ನಡೆಯುತ್ತದೆ, ಎಲ್ಲೂ ಅಪಾರ್ಥ ಆಗುವುದಿಲ್ಲ.

ಟರ್ನ್ ಅಪ್: ಖಾತ್ರಿ ಇಲ್ಲದ ಬರುವಿಕೆ

ಶಿರಸಿ, ಸಿದ್ದಾಪುರದ ಅಡಿಕೆ ತೋಟದ ಮನೆ ಅಂದುಕೊಳ್ಳಿ. ಮಧ್ಯಾಹ್ನ ಎಲೆ ಹಾಕುವ ಹೊತ್ತಿಗೆ ಸರಿಯಾಗಿ ದೂರದ ನೆಂಟರೊಬ್ಬರು ಅಂಗಳದಲ್ಲಿ ನಿಂತಿದ್ದಾರೆ. ಫೋನಿಲ್ಲ, ಸುದ್ದಿಯಿಲ್ಲ. "ಏನೋ ಈ ಕಡೆ ಕೆಲಸ ಇತ್ತು, ಹಾಗೇ ಬಂದೆ." ಇದು ಟರ್ನ್ ಅಪ್. "ಹಿ ಟರ್ನ್ಡ್ ಅಪ್ ಅಟ್ ಲಂಚ್ ಟೈಮ್." ಕನ್ನಡದಲ್ಲಿ ಹತ್ತಿರದ ಮಾತು 'ಬಂದುಬಿಟ್ಟ', ಇಲ್ಲವೇ ಸ್ವಲ್ಪ ತಮಾಷೆಯಾಗಿ 'ಪ್ರತ್ಯಕ್ಷ ಆದ'. ಸಿಟ್ಟಿರಬೇಕೆಂದಿಲ್ಲ. ಸಂತೋಷವೂ ಇರಬಹುದು. ಗೊತ್ತಿರಲಿಲ್ಲ ಅನ್ನುವುದಷ್ಟೇ ಅದರೊಳಗಿನ ಸುದ್ದಿ.

ಹಾಗಂತ ಟರ್ನ್ ಅಪ್ ಅಂದರೆ ಅನಿರೀಕ್ಷಿತವಾಗಿ ಬರುವುದು ಅಂತ ಮಾತ್ರ ಬರೆದುಕೊಂಡರೆ ಮುಂದೆ ಎಡವುತ್ತೀರಿ. ಗೈಡುಗಳಲ್ಲಿ ಅಷ್ಟನ್ನೇ ಹಾಕಿರುತ್ತಾರೆ. ಕರೆದಿದ್ದರೂ, ಕಾಯುತ್ತಿದ್ದರೂ ಈ ಮಾತು ಬರುತ್ತದೆ. ಗ್ರಾಮಸಭೆಗೆ ಇಡೀ ಊರಿಗೆ ಹೇಳಿದ್ದರು, ಹತ್ತು ಜನ ಬಂದರು: "ಓನ್ಲಿ ಟೆನ್ ಪೀಪಲ್ ಟರ್ನ್ಡ್ ಅಪ್." ಅಡಿಕೆ ಗೊನೆ ಕೊಯ್ಲಿಗೆ ಬರುತ್ತೇನೆ ಅಂದವನು ಬರಲೇ ಇಲ್ಲ: "ಹಿ ಡಿಡಂಟ್ ಟರ್ನ್ ಅಪ್." ಅಡಿಕೆ ಬೆಳೆಗಾರರಿಗೆ ಈ ವಾಕ್ಯದ ನೋವು ಗೊತ್ತು. ಮರ ಹತ್ತುವವರು ಸಿಗುವುದೇ ಕಷ್ಟ ಆಗಿರುವಾಗ, ಒಪ್ಪಿಕೊಂಡವನೂ ಕೈಕೊಟ್ಟರೆ ಹೇಗಾಗಬೇಡ. ಇಲ್ಲಿ ಅನಿರೀಕ್ಷಿತ ಏನೂ ಇಲ್ಲ, ನಿರೀಕ್ಷೆಯೇ ಎಲ್ಲ. ಎರಡಕ್ಕೂ ಸಾಮಾನ್ಯವಾದದ್ದು ಒಂದೇ: ಬರುತ್ತಾರೋ ಇಲ್ಲವೋ ಅನ್ನುವುದು ಮೊದಲೇ ತೀರ್ಮಾನ ಆಗಿರಲಿಲ್ಲ.

ಆದ್ದರಿಂದಲೇ 'ಬರಲಿಲ್ಲ' ಮತ್ತು 'ಬರಲೇ ಇಲ್ಲ' ಇವುಗಳ ನಡುವಿನ ವ್ಯತ್ಯಾಸವನ್ನು ಇಂಗ್ಲಿಷಿಗೆ ಒಯ್ಯಲು ಇದು ಒಳ್ಳೆಯ ದಾರಿ. 'ಬರಲಿಲ್ಲ'ಕ್ಕೆ "ಡಿಡಂಟ್ ಕಮ್" ಸಾಕು. ಕಾದು ಕಾದು ಸುಸ್ತಾದ 'ಬರಲೇ ಇಲ್ಲ'ಕ್ಕೆ "ನೆವರ್ ಟರ್ನ್ಡ್ ಅಪ್" ಹಾಕಿ. ನಮ್ಮ 'ಏ' ಅಕ್ಷರದ ಭಾರವನ್ನು ಅಲ್ಲಿ ನೆವರ್ ಹೊರುತ್ತದೆ.

ಟರ್ನ್ ಅಪ್ ಹಿಂದೆ ಹೇಗೆ ಬಂದರು ಅನ್ನುವುದನ್ನು ಸೇರಿಸಬಹುದು. ಬರಿಗೈಯಲ್ಲಿ ಬಂದರೆ "ಟರ್ನ್ಡ್ ಅಪ್ ಎಂಪ್ಟಿ ಹ್ಯಾಂಡೆಡ್". ಕುಡಿದು ಬಂದರೆ "ಟರ್ನ್ಡ್ ಅಪ್ ಡ್ರಂಕ್". ಗಂಟೆ ತಡ ಆದರೆ "ಟರ್ನ್ಡ್ ಅಪ್ ಆನ್ ಅವರ್ ಲೇಟ್". ಜಾಗ ಹೇಳಬೇಕಿದ್ದರೆ ಅಟ್ ಬೇಕು: "ಟರ್ನ್ಡ್ ಅಪ್ ಅಟ್ ದಿ ಮೀಟಿಂಗ್". ಉದ್ದೇಶ ಹೇಳಬೇಕಿದ್ದರೆ ಫಾರ್: "ಟರ್ನ್ಡ್ ಅಪ್ ಫಾರ್ ದಿ ಇಂಟರ್‌ವ್ಯೂ". ಈ ಅಟ್, ಫಾರ್ ಬಿಟ್ಟರೆ ಅರ್ಥವೇ ಪಲ್ಟಿ. "ಟರ್ನ್ ಅಪ್ ದಿ ಟಿವಿ" ಅಂದರೆ ಟಿವಿ ಸೌಂಡು ಜಾಸ್ತಿ ಮಾಡು ಅಂತ. ಕರ್ಮಪದ ನೇರವಾಗಿ ಅಂಟಿಕೊಂಡಿತು ಅಂದರೆ ಅಲ್ಲಿ ಬರುವ ಮಾತು ಇಲ್ಲ, ಏರಿಸುವ ಮಾತಿದೆ. ಪ್ಯಾಂಟಿನ ಕಾಲು ಮಡಚುವುದಕ್ಕೂ ಇದೇ ಜೋಡಿ, ಅದು ದರ್ಜಿಗಳ ವಿಷಯ.

ಕಳೆದ ವಸ್ತು ಸಿಕ್ಕಾಗಲೂ ಟರ್ನ್ ಅಪ್ ಬರುತ್ತದೆ, ಇದು ನನಗೆ ಬಹಳ ಇಷ್ಟ. ಬೀರುವಿನ ಕೀಲಿಕೈ ಎರಡು ದಿನ ಹುಡುಕಿದ್ದು ಅಕ್ಕಿ ಡಬ್ಬಿಯಲ್ಲಿ ಸಿಕ್ಕಿತು: "ದಿ ಕೀ ಟರ್ನ್ಡ್ ಅಪ್ ಇನ್ ದಿ ರೈಸ್ ಟಿನ್." ಹುಡುಕಿದ ನಿಮಗೆ ಇಲ್ಲಿ ಶ್ರೇಯ ಇಲ್ಲ, ಕೀಲಿಕೈಯೇ ತನ್ನ ಮರ್ಜಿಗೆ ಬಂದಂತೆ. "ಡೋಂಟ್ ವರಿ, ಇಟ್ ವಿಲ್ ಟರ್ನ್ ಅಪ್" ಅಂತ ಸಮಾಧಾನ ಹೇಳಬಹುದು. ಕೆಲಸ ಹುಡುಕುತ್ತಿರುವವರಿಗೆ "ಸಮ್‌ಥಿಂಗ್ ವಿಲ್ ಟರ್ನ್ ಅಪ್". ಏನಾದರೂ ಒಂದು ಆಗ್ತದೆ ಬಿಡು, ಅಂತ.

ಟರ್ನ್ ಔಟ್ ಜೊತೆ ಇದನ್ನು ಕಲಸಬೇಡಿ. ಎರಡು ವರ್ಷಕ್ಕೊಮ್ಮೆ ನಡೆಯುವ ಶಿರಸಿ ಮಾರಿಕಾಂಬಾ ಜಾತ್ರೆಗೆ ಜನಸಾಗರ ಸೇರುತ್ತದಲ್ಲ, ಅದಕ್ಕೆ "ಪೀಪಲ್ ಟರ್ನ್ಡ್ ಔಟ್ ಇನ್ ಲಾರ್ಜ್ ನಂಬರ್ಸ್". ಮನೆ ಬಿಟ್ಟು ಹೊರಗೆ ಬಂದು ಸೇರಿದರು ಅಂತ ಅದರ ಬಗೆ. ಮತದಾನದ ಪ್ರಮಾಣಕ್ಕೆ ಟಿವಿಯಲ್ಲಿ ಟರ್ನ್‌ಔಟ್ ಅನ್ನುವುದು ಇಲ್ಲಿಂದಲೇ. ಟರ್ನ್ ಇನ್ ಅಂದರೆ ಮಲಗಲು ಹೋಗುವುದು. ನೋಡಿ, ಬಾಲ ಬದಲಾದರೆ ಬಂದ ನೆಂಟ ಮಲಗಿಯೇ ಬಿಡುತ್ತಾನೆ.

ಶೋ ಅಪ್: ಹಾಜರಿ ಹಾಕುವುದು

ಟರ್ನ್ ಅಪ್ ಮತ್ತು ಶೋ ಅಪ್ ಒಂದೇ ಅಲ್ವಾ ಅಂತ ಕೇಳಿದರೆ, ಹೆಚ್ಚು ಕಡಿಮೆ ಹೌದು. ಹತ್ತರಲ್ಲಿ ಎಂಟು ವಾಕ್ಯಗಳಲ್ಲಿ ಒಂದನ್ನು ತೆಗೆದು ಇನ್ನೊಂದನ್ನು ಇಟ್ಟರೆ ಯಾರೂ ಗಮನಿಸುವುದಿಲ್ಲ. ಇಂಗ್ಲೆಂಡಿನವರ ಬಾಯಲ್ಲಿ ಟರ್ನ್ ಅಪ್ ಜಾಸ್ತಿ, ಅಮೆರಿಕದವರ ಬಾಯಲ್ಲಿ ಶೋ ಅಪ್ ಜಾಸ್ತಿ. ಎರಡೂ ಆಡುಮಾತೇ, ಅರ್ಜಿಯಲ್ಲಿ ಬರೆಯುವಂಥವಲ್ಲ.

ಉಳಿದ ಎರಡು ವಾಕ್ಯಗಳಲ್ಲಿ ವ್ಯತ್ಯಾಸ ಇದೆ. ಶೋ ಅಪ್‌ನಲ್ಲಿ ಹಾಜರಿ ಪುಸ್ತಕದ ವಾಸನೆ ಇದೆ. ಬರಬೇಕಾದದ್ದು ಕರ್ತವ್ಯವಾಗಿತ್ತು, ಬಂದ ಅಥವಾ ಬರಲಿಲ್ಲ. "ಹಿ ಡಿಡಂಟ್ ಶೋ ಅಪ್ ಫಾರ್ ವರ್ಕ್." ಪಾಳಿಗೆ ಬರದ ಕೆಲಸದವನಿಗೆ, ತರಗತಿಗೆ ಬರದ ವಿದ್ಯಾರ್ಥಿಗೆ ಇದು ಸರಿಯಾಗಿ ಕೂರುತ್ತದೆ. ಕನ್ನಡದಲ್ಲಿ 'ಈ ಕಡೆ ತಲೆ ಹಾಕಲಿಲ್ಲ' ಅನ್ನುತ್ತೇವಲ್ಲ, ಅದೇ. ನಳ್ಳಿ ರಿಪೇರಿಯವನು ಬೆಳಿಗ್ಗೆ ಬರುತ್ತೇನೆ ಅಂದು ಮೂರು ದಿನ ತಲೆ ಹಾಕಲಿಲ್ಲ ಅಂತ ದೂರುವಾಗ ಎರಡರಲ್ಲಿ ಯಾವುದನ್ನಾದರೂ ಬಳಸಬಹುದು. ಆದರೆ ಕರೆಯದೆ ಬಂದ ನೆಂಟರಿಗೆ, ಅಕ್ಕಿ ಡಬ್ಬಿಯ ಕೀಲಿಕೈಗೆ ನಾನಾದರೆ ಟರ್ನ್ ಅಪ್ಪನ್ನೇ ಆರಿಸುತ್ತೇನೆ.

ಹೋಮ್‌ಸ್ಟೇಯವರು ಶೋ ಅಪ್ ಕಲಿಯಲೇಬೇಕಾದ ಕಾರಣ ಒಂದಿದೆ. ಬುಕಿಂಗ್ ಆ್ಯಪುಗಳಲ್ಲಿ ನೋ ಶೋ ಅನ್ನುವ ಬಟನ್ ನೋಡಿರುತ್ತೀರಿ. ಬುಕ್ ಮಾಡಿದವರು ರದ್ದೂ ಮಾಡದೆ, ಬರಲೂ ಇಲ್ಲದೆ ಹೋದರೆ ಅವರು ನೋ ಶೋ. ಈ ನಾಮಪದ ಶೋ ಅಪ್‌ನ ಮನೆಯದು. ನೋ ಟರ್ನ್ ಅಂತ ಇಲ್ಲ. ಮೊದಲೇ ತಿಳಿಸಿ ರದ್ದು ಮಾಡಿದರೆ ಅದು ಕ್ಯಾನ್ಸಲೇಷನ್. ಎರಡಕ್ಕೂ ದುಡ್ಡಿನ ಲೆಕ್ಕ ಬೇರೆ ಇರುವುದರಿಂದ ಅತಿಥಿಗೆ ಮೆಸೇಜು ಬರೆಯುವಾಗ ಪದ ಅದಲು ಬದಲಾಗದಿರಲಿ.

ಕಾಣಿಸಿಕೊಳ್ಳುವ ಅರ್ಥವೂ ಶೋ ಅಪ್‌ಗೆ ಇದೆ. ಬಿಳಿ ಪಂಚೆಯ ಮೇಲೆ ಕವಳದ (ಎಲೆಅಡಿಕೆಯ) ಕಲೆ ಎದ್ದು ಕಾಣುತ್ತದೆ: "ದಿ ಸ್ಟೇನ್ ಶೋಸ್ ಅಪ್." ಎಕ್ಸ್‌ರೇಯಲ್ಲಿ ಮೂಳೆ ಬಿರುಕು ಕಂಡಿತು: "ಇಟ್ ಶೋಡ್ ಅಪ್ ಇನ್ ದಿ ಎಕ್ಸ್‌ರೇ." ಇಲ್ಲೂ ಕರ್ಮಪದದ ಬಲೆ ಇದೆ. "ಹಿ ಶೋಡ್ ಮಿ ಅಪ್" ಅಂದರೆ ನಾಲ್ಕು ಜನರ ಎದುರು ನನ್ನ ಮಾನ ತೆಗೆದ ಅಂತ. ಶೋ ಆಫ್ ಅಂದರೆ ಜಂಭ ಕೊಚ್ಚುವುದು, ಅದು ನಮ್ಮ ಊರಿನ ಪಡ್ಡೆ ಹುಡುಗರಿಗೆ ಈಗಾಗಲೇ ಗೊತ್ತು.

ರೈಲು, ಬಸ್ಸು, ದೋಣಿ

ವಾಹನ ಬರುವುದಕ್ಕೆ ಬೇರೆ ಸಾಲು ಇದೆ. ಕೊಂಕಣ ರೈಲ್ವೆ 1998ರಲ್ಲಿ ಪೂರ್ತಿಯಾಗಿ ಶುರುವಾದ ಮೇಲೆ ನಮ್ಮ ಕರಾವಳಿಯವರಿಗೆ ಮೊದಲು ಬೇಕಾಗುವುದು ಗೆಟ್ ಇನ್. "ವಾಟ್ ಟೈಮ್ ಡಸ್ ಯುವರ್ ಟ್ರೇನ್ ಗೆಟ್ ಇನ್?" ನಿಮ್ಮ ರೈಲು ಎಷ್ಟು ಗಂಟೆಗೆ ಬರುತ್ತದೆ ಅಂತ. ವೇಳಾಪಟ್ಟಿಯ ವಿಷಯವಾದ್ದರಿಂದ ನಾಳೆಯ ರೈಲಿಗೂ ವಿಲ್ ಬೇಕಾಗಿಲ್ಲ. "ಇಟ್ ಗೆಟ್ಸ್ ಇನ್ ಅಟ್ ಸಿಕ್ಸ್" ಅಂದರೆ ಸಾಕು. ಸ್ಟೇಷನ್ ಹೆಸರು ಸೇರಿಸುವಾಗ ಇನ್ ಹೋಗಿ ಇನ್‌ಟು ಆಗುತ್ತದೆ: "ಗೆಟ್ಸ್ ಇನ್‌ಟು ಕುಮಟಾ". ಮಳೆಗಾಲದಲ್ಲಿ ಈ ದಾರಿಯಲ್ಲಿ ರೈಲುಗಳು ನಿಧಾನ ಓಡುತ್ತವೆ, ವೇಳಾಪಟ್ಟಿಯೇ ಬದಲಾಗುತ್ತದೆ. ಅತಿಥಿ ಹೇಳಿದ ಸಮಯವನ್ನು ಆ ತಿಂಗಳುಗಳಲ್ಲಿ ಒಮ್ಮೆ ನೋಡಿಕೊಳ್ಳುವುದು ಒಳ್ಳೆಯದು.

ಗೆಟ್ ಇನ್ ಮತ್ತು ಗೆಟ್ ಟು ಬೇರೆ ಯಾಕೆ ಅಂತ ಕಾರವಾರದವರಿಗೆ ವಿವರಿಸುವುದು ಬಹಳ ಸುಲಭ. ರೈಲು ನಿಲ್ಲುವುದು ಶಿರವಾಡದಲ್ಲಿ. ಪೇಟೆ ಅಲ್ಲಿಂದ ಆಚೆ. ಗೋಕರ್ಣ ರೋಡ್ ಸ್ಟೇಷನ್ನಿನ ಕಥೆಯೂ ಅದೇ, ಇಳಿದ ಮೇಲೆ ರಿಕ್ಷಾ ಹಿಡಿಯಬೇಕು. ರೈಲು ಆರಕ್ಕೆ ಗೆಟ್ಸ್ ಇನ್, ಮನುಷ್ಯ ಏಳಕ್ಕೆ ಗೆಟ್ಸ್ ಟು ದಿ ಹೋಮ್‌ಸ್ಟೇ. ಶುರುವಿನಲ್ಲಿ ಹೇಳಿದ ಮೆಸೇಜಿನ ಅತಿಥಿ ಈ ಎರಡನ್ನು ಬಿಡಿಸಿ ಹೇಳಿದ್ದು ಅದಕ್ಕೇ. ಆರು ಗಂಟೆಗೆ ಚಹಾ ಕುದಿಸಿಟ್ಟರೆ ಆರಿಹೋಗುತ್ತದೆ. ಇನ್ನು ಶಿರಸಿಯವರಿಗೆ ರೈಲೇ ಇಲ್ಲ. ಅವರು ಕುಮಟಾದಲ್ಲೋ ತಾಳಗುಪ್ಪದಲ್ಲೋ ಇಳಿದು, ಬಸ್ಸು ಹಿಡಿದು, ಅಂತೂ ಇಂತೂ "ಗೆಟ್ ಟು ಸಿರ್ಸಿ".

ಮನುಷ್ಯರಿಗೆ ಗೆಟ್ ಇನ್ ಹೇಳಿದರೆ ಮನೆ ಸೇರಿದ ಅರ್ಥ: "ಐ ಗಾಟ್ ಇನ್ ಅಟ್ ಮಿಡ್‌ನೈಟ್." ಯಕ್ಷಗಾನ ನೋಡಿ ಬಂದವರು ಹೇಳಬಹುದಾದ ವಾಕ್ಯ, ಬೆಳತನಕದ ಆಟವಾದರೆ ಮಿಡ್‌ನೈಟ್ ತೆಗೆದು ಫೈವ್ ಇನ್ ದಿ ಮಾರ್ನಿಂಗ್ ಹಾಕಿ. ಕಾರಿಗೆ ಹತ್ತುವುದೂ ಗೆಟ್ ಇನ್, ಆದರೆ ಬಸ್ಸು ರೈಲು ಹತ್ತುವುದು ಗೆಟ್ ಆನ್. ಇದನ್ನು ಮಾತ್ರ ಮರೆಯಬೇಡಿ. ಕಾಲೇಜಿನಲ್ಲಿ ಸೀಟು ಸಿಗುವುದಕ್ಕೂ, ಚುನಾವಣೆಯಲ್ಲಿ ಗೆಲ್ಲುವುದಕ್ಕೂ ಇದೇ ಗೆಟ್ ಇನ್ ಓಡುತ್ತದೆ.

ಪುಲ್ ಇನ್ ಕಣ್ಣಿಗೆ ಕಾಣುವ ಮಾತು. ನೀವು ಪ್ಲಾಟ್‌ಫಾರ್ಮಿನಲ್ಲಿ ನಿಂತಿದ್ದೀರಿ, ರೈಲು ನಿಧಾನ ಮಾಡುತ್ತಾ ಬಂದು ನಿಲ್ಲುತ್ತದೆ. "ದಿ ಟ್ರೇನ್ ಈಸ್ ಪುಲಿಂಗ್ ಇನ್." ಘಟ್ಟ ಹತ್ತಿ ಬಂದ ಬಸ್ಸು ಶಿರಸಿ ಸ್ಟ್ಯಾಂಡಿಗೆ ಹೊಕ್ಕುವುದೂ ಪುಲ್ ಇನ್. ಹೊರಡುವುದು ಪುಲ್ ಔಟ್. ಸಮಯ ಕೇಳುವಾಗ ಗೆಟ್ ಇನ್, ನೋಡಿದ್ದನ್ನು ಹೇಳುವಾಗ ಪುಲ್ ಇನ್. ಕಾರು ಗೇಟಿನ ಎದುರು ಬಂದು ನಿಂತರೆ ಪುಲ್ ಅಪ್. ಪೊಲೀಸರು ಹೆದ್ದಾರಿಯಲ್ಲಿ ಕೈ ತೋರಿಸಿ ಬದಿಗೆ ನಿಲ್ಲಿಸಿದರೆ ಪುಲ್ ಓವರ್, ಹೆಲ್ಮೆಟ್ ಹಾಕಿಕೊಂಡಿರುವುದು ಒಳ್ಳೆಯದು.

ದೋಣಿಗಳಿಗೆ ಕಮ್ ಇನ್. ಬೈತಖೋಲ ಬಂದರಿಗೆ ಮೀನು ದೋಣಿ ಬಂತು ಅನ್ನಲು "ದಿ ಬೋಟ್ಸ್ ಹ್ಯಾವ್ ಕಮ್ ಇನ್". ಸಮುದ್ರದ ಭರತ ಬರುವುದಕ್ಕೂ ಇದೇ: "ದಿ ಟೈಡ್ ಈಸ್ ಕಮಿಂಗ್ ಇನ್." ಇಳಿತಕ್ಕೆ ಗೋಯಿಂಗ್ ಔಟ್. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ ಇರುತ್ತದಲ್ಲ, ಆಗ "ನೋ ಬೋಟ್ಸ್ ಕಮ್ ಇನ್" ಅನ್ನುವುದಕ್ಕಿಂತ "ನೋ ಬೋಟ್ಸ್ ಗೋ ಔಟ್" ಅನ್ನುವುದೇ ಸರಿ. ಯಾಕೆಂದರೆ ಹೋದರಲ್ವಾ ಬರುವುದು.

ಕಷ್ಟಪಟ್ಟು ಬಂದದ್ದು, ದಾರಿ ತಪ್ಪಿ ಬಂದದ್ದು

ಮೇಕ್ ಇಟ್ ಕಷ್ಟದ ನಡುವೆ ಬಂದು ಮುಟ್ಟಿದ್ದಕ್ಕೆ. ದೇವಿಮನೆ ಘಟ್ಟದಲ್ಲಿ ಮರ ಬಿದ್ದಿತ್ತು, ಆದರೂ ಮದುವೆ ಮುಹೂರ್ತಕ್ಕೆ ಮುಟ್ಟಿದೆವು: "ವಿ ಮೇಡ್ ಇಟ್." ಬರಲಾಗುವುದಿಲ್ಲ ಅಂತ ನಯವಾಗಿ ಹೇಳಲು "ಸಾರಿ, ಐ ಕಾಂಟ್ ಮೇಕ್ ಇಟ್". ಆಮಂತ್ರಣಕ್ಕೆ ಉತ್ತರ ಕೊಡುವಾಗ ಇದಕ್ಕಿಂತ ಒಳ್ಳೆಯದು ಇಲ್ಲ. "ಐ ವೋಂಟ್ ಕಮ್" ಅಂದರೆ ಬರುವುದಿಲ್ಲ ಹೋಗು ಅಂದಹಾಗೆ ಕೇಳುತ್ತದೆ.

ಒಂದು ಎಚ್ಚರಿಕೆ. "ಹಿ ಡಿಡಂಟ್ ಮೇಕ್ ಇಟ್" ಅಂದರೆ ಬದುಕಿ ಉಳಿಯಲಿಲ್ಲ ಅನ್ನುವ ಅರ್ಥವೂ ಇದೆ. 2024ರ ಜುಲೈನಲ್ಲಿ ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಜೀವ ಹೋದದ್ದು, ಹೆದ್ದಾರಿ ಮುಚ್ಚಿದ್ದು ಉತ್ತರ ಕನ್ನಡ ಜಿಲ್ಲೆಯವರು ಮರೆತಿಲ್ಲ. ಅಂಥ ಹೊತ್ತಿನಲ್ಲಿ, ರಸ್ತೆ ಬಂದ್ ಆಗಿ ಡ್ರೈವರ್ ಬರಲಾಗಲಿಲ್ಲ ಅಂತ ಹೇಳಲು ಈ ವಾಕ್ಯ ಬಳಸಿದರೆ ಕೇಳಿದವರ ಎದೆ ಧಸಕ್ ಅಂದೀತು. ಆಸ್ಪತ್ರೆ, ಅಪಘಾತ, ಪ್ರವಾಹದ ಮಾತು ನಡೆಯುವಾಗ "ಹಿ ಕುಡಂಟ್ ಗೆಟ್ ಹಿಯರ್" ಅನ್ನಿ.

ಎಂಡ್ ಅಪ್ ಅಂದುಕೊಳ್ಳದ ಜಾಗಕ್ಕೆ ಹೋಗಿ ಬಿದ್ದದ್ದು. ಅಂಕೋಲಾದಲ್ಲಿ ಇಳಿಯಬೇಕಿತ್ತು, ನಿದ್ದೆ ಹತ್ತಿತು, ಕಣ್ಣು ಬಿಟ್ಟಾಗ ಗೋವಾದ ಮಡಗಾಂವ್: "ವಿ ಎಂಡೆಡ್ ಅಪ್ ಇನ್ ಮಡಗಾಂವ್." ನಮ್ಮ ದೇಶದಲ್ಲಿ ಲ್ಯಾಂಡ್ ಅಪ್ ಕೂಡ ಬಹಳ ಓಡುತ್ತದೆ, "ಹಿ ಲ್ಯಾಂಡೆಡ್ ಅಪ್ ಅಟ್ ಮೈ ಹೌಸ್" ಅಂತ. ಹೊರಗಿನವರ ಹತ್ತಿರ ಅದರ ಬದಲು ಟರ್ನ್ ಅಪ್ ಹೇಳಿದರೆ ಗೊಂದಲ ಇರುವುದಿಲ್ಲ.

ಉಳಿದವು ಬೇಗ ಬೇಗ

ಡ್ರಾಪ್ ಇನ್, ಡ್ರಾಪ್ ಬೈ: ಹೀಗೇ ದಾರಿಯಲ್ಲಿ ಹೋಗುತ್ತಾ ಬಂದು, ಆಸರಿಗೆ (ಚಹಾ, ಪಾನಕ) ಕುಡಿದು, ಎರಡು ಮಾತಾಡಿ ಎದ್ದು ಹೋಗುವುದು. ಟರ್ನ್ ಅಪ್‌ನಲ್ಲಿ ಎಷ್ಟು ಹೊತ್ತು ಇರುತ್ತಾರೆ ಅನ್ನುವ ಸೂಚನೆ ಇಲ್ಲ, ಡ್ರಾಪ್ ಇನ್‌ನಲ್ಲಿ ಬೇಗ ಹೋಗುತ್ತಾರೆ ಅನ್ನುವ ಭರವಸೆ ಇದೆ. ಹಾಗಾಗಿ ಕರೆಯುವಾಗ "ಡ್ರಾಪ್ ಇನ್ ಎನಿಟೈಮ್" ಅನ್ನುತ್ತಾರೆ. "ಟರ್ನ್ ಅಪ್ ಎನಿಟೈಮ್" ಸ್ವಲ್ಪ ಒರಟು. ಡ್ರಾಪ್ ಆಫ್ ಬೇರೆ, ಅದು ಯಾರನ್ನಾದರೂ ಗಾಡಿಯಲ್ಲಿ ಒಯ್ದು ಬಿಡುವುದು.

ಚೆಕ್ ಇನ್ ಬರುವುದಲ್ಲ, ಬಂದ ಮೇಲೆ ಹೆಸರು ಬರೆಸುವುದು. ಬೆಳಿಗ್ಗೆ ಎಂಟಕ್ಕೆ ಬಂದ ಅತಿಥಿ ಹನ್ನೆರಡಕ್ಕೆ ಚೆಕ್ ಇನ್ ಆಗಬಹುದು. ನಡುವಿನ ನಾಲ್ಕು ತಾಸು ಬ್ಯಾಗು ಎಲ್ಲಿಡಬೇಕು ಅನ್ನುವ ಜಗಳ ಇದೇ ವ್ಯತ್ಯಾಸದಿಂದ ಹುಟ್ಟುತ್ತದೆ.

ರೋಲ್ ಇನ್ ನಮ್ಮ 'ಸವಾರಿ ಚಿತ್ತೈಸಿತು'. ತಡವಾಗಿ, ಆರಾಮಾಗಿ, ತಪ್ಪಿನ ಅರಿವೇ ಇಲ್ಲದೆ ಬರುವುದು. "ಹಿ ರೋಲ್ಡ್ ಇನ್ ಅಟ್ ಇಲೆವೆನ್." ಮೋಡ, ಮಂಜು ಕವಿದು ಬರುವುದಕ್ಕೂ ಸಲ್ಲುತ್ತದೆ, ಆಗ ವ್ಯಂಗ್ಯ ಇರುವುದಿಲ್ಲ.

ಮಳೆಗೆ ಸೆಟ್ ಇನ್. ಜೂನಿನಲ್ಲಿ 'ಮಳೆ ಹಿಡೀತು' ಅನ್ನುತ್ತೇವಲ್ಲ, ಇನ್ನು ಸದ್ಯಕ್ಕೆ ಬಿಡುವುದಿಲ್ಲ ಅನ್ನುವ ಅರ್ಥದಲ್ಲಿ? "ದಿ ಮಾನ್ಸೂನ್ ಹ್ಯಾಸ್ ಸೆಟ್ ಇನ್." ಬಂದದ್ದು ಬೇರು ಬಿಟ್ಟಿದೆ ಅನ್ನುವುದು ಇದರ ತಿರುಳು. ಒಂದು ಸಂಜೆ ಸುರಿದು ಹೋದ ಮೇ ತಿಂಗಳ ಮಳೆಗೆ ಇದನ್ನು ಹಾಕಬೇಡಿ. ಕೊಳೆರೋಗ, ಗ್ಯಾಂಗ್ರೀನ್, ಬೇಸರ, ಇಂಥ ಒಳ್ಳೆಯದಲ್ಲದ ಸಂಗತಿಗಳಿಗೇ ಸೆಟ್ ಇನ್ ಜಾಸ್ತಿ. ಮನುಷ್ಯರಿಗೆ ಇದು ಬರುವುದಿಲ್ಲ, ವಾರಗಟ್ಟಲೆ ಕೂತ ನೆಂಟರಿಗೂ.

ಬರೆಯಲು ಕೂತಾಗ

ಕೆಲಸದ ಅರ್ಜಿ, ಬ್ಯಾಂಕಿನ ಪತ್ರ, ಪೊಲೀಸ್ ದೂರು ಇವುಗಳಲ್ಲಿ ಅರೈವ್, ಅಟೆಂಡ್ ಸಾಕು. ಇಂಟರ್‌ವ್ಯೂಗೆ ಬರುತ್ತೇನೆ ಅಂತ ಇಮೇಲ್ ಬರೆಯುವಾಗ "ಐ ವಿಲ್ ಟರ್ನ್ ಅಪ್" ಬೇಡ. ಬರುತ್ತೀರೋ ಇಲ್ಲವೋ ಅನ್ನುವ ಅನುಮಾನವನ್ನು ನೀವೇ ಬಿತ್ತಿದ ಹಾಗೆ. "ಐ ವಿಲ್ ಬಿ ದೇರ್ ಅಟ್ ಟೆನ್" ಅನ್ನಿ. ಗೆಳೆಯರಿಗೆ ವಾಟ್ಸಾಪ್ ಮಾಡುವಾಗ ಇದರ ಉಲ್ಟಾ. "ಐ ಶಾಲ್ ಅರೈವ್" ಅಂತ ಬರೆದರೆ ನಗುತ್ತಾರೆ.

ಬೇರೆಯವರು ಬಂದ ಬಗ್ಗೆ ಬಾಸಿನ ಎದುರು ಹೇಳುವಾಗಲೂ ನೋಡಿಕೊಂಡು ಹೇಳಿ. "ದಿ ಕ್ಲೈಂಟ್ ಟರ್ನ್ಡ್ ಅಪ್ ಅಟ್ ಟೆನ್" ಅಂದರೆ ಅವರು ಹೇಳದೆ ಬಂದರೋ, ತಡವಾಗಿ ಬಂದರೋ ಅನ್ನುವ ಪ್ರಶ್ನೆ ಎದುರಿನವರ ತಲೆಯಲ್ಲಿ ಏಳುತ್ತದೆ. ಹೇಳಿದ ಸಮಯಕ್ಕೆ ಸರಿಯಾಗಿ ಬಂದಿದ್ದರೆ "ಅರೈವ್ಡ್ ಅಟ್ ಟೆನ್". ನೀವೇ ತಡವಾಗಿ ಹೋಗಿ ಕ್ಷಮೆ ಕೇಳುವಾಗ ಮಾತ್ರ "ಸಾರಿ ಫಾರ್ ಟರ್ನಿಂಗ್ ಅಪ್ ಲೇಟ್" ಚೆನ್ನಾಗಿ ಒಪ್ಪುತ್ತದೆ.

ಭೂತಕಾಲದ ರೂಪಗಳಲ್ಲಿ ತೊಡಕು ಕಡಿಮೆ. ಟರ್ನ್ಡ್, ಪುಲ್ಡ್, ಡ್ರಾಪ್ಡ್ ಎಲ್ಲಾ ನೇರ. ಶೋ ಮಾತ್ರ "ಹ್ಯಾಸ್ ಶೋನ್ ಅಪ್" ಆಗುತ್ತದೆ, ಶೋಡ್ ಅಪ್ ಅನ್ನುವವರೂ ಇದ್ದಾರೆ. ಗೆಟ್ ಬ್ರಿಟಿಷರಲ್ಲಿ "ಹ್ಯಾಸ್ ಗಾಟ್ ಇನ್", ಅಮೆರಿಕನ್ನರಲ್ಲಿ "ಹ್ಯಾಸ್ ಗಾಟನ್ ಇನ್". ಸೆಟ್ ಎಲ್ಲಾ ಕಾಲಕ್ಕೂ ಸೆಟ್ಟೇ.

ಇನ್ನು ಕಿವಿಯ ವಿಷಯ. ಇವುಗಳಲ್ಲಿ ಒತ್ತು ಬೀಳುವುದು ಸಾಮಾನ್ಯವಾಗಿ ಬಾಲದ ಮೇಲೆ, ಅಪ್ ಮೇಲೆ, ಇನ್ ಮೇಲೆ. ವೇಗವಾಗಿ ಮಾತಾಡುವಾಗ ಎರಡೂ ಅಂಟಿಕೊಂಡು ಟರ್ನಪ್, ಶೋವಪ್, ಗೆಟಿನ್ ಅಂತ ಕೇಳಿಸುತ್ತವೆ. ಬಿಡಿ ಬಿಡಿಯಾಗಿ ಟರ್ನ್, ಅಪ್ ಅಂತ ಹುಡುಕುತ್ತಾ ಕೂತರೆ ವಾಕ್ಯ ಮುಂದೆ ಹೋಗಿರುತ್ತದೆ. ಫೋನಿನಲ್ಲಿ ಮಾತಾಡುವ ಟ್ಯಾಕ್ಸಿಯವರು, ಹೋಮ್‌ಸ್ಟೇಯವರು ಮೊದಲು ಗೆಟಿನ್ ಅನ್ನುವ ಸದ್ದನ್ನು ಕಿವಿಗೆ ರೂಢಿ ಮಾಡಿಕೊಳ್ಳಲಿ, ಅದರ ಬೆನ್ನಿಗೇ ಬರುವುದು ರೈಲಿನ ಸಮಯ.